ಊರ ಹೊರಗಿನ ಗೋಣಿಚೀಲ



ಜ್ಞಾನೋಕ್ತಿಗಳು 12ನೆಯ ಅಧ್ಯಾಯದ 10ನೆಯ ವಚನವನ್ನು ತೆರೆದು ಓದಿರಿ. ನೀತಿವಂತನ ಗುರುತು ಅವನ ಕೊಟ್ಟಿಗೆಯಲ್ಲಿಯೇ ಕಾಣುತ್ತದೆ. ದುಷ್ಟನಾದರೋ ತಾನು ಕನಿಕರವೆಂದೆಣಿಸುವದರಲ್ಲಿಯೂ ಕ್ರೂರನಾಗಿದ್ದಾನೆ.

ಇದು ಹೇಗೆ? ನಾಯಿ ಮರಿ ಹಾಕಿದಾಗ ನಮ್ಮಲ್ಲಿ ಕೆಲವರು ಗಂಡುಮರಿಯನ್ನಿಟ್ಟುಕೊಂಡು, ಹೆಣ್ಣುಮರಿಗಳನ್ನು ಗೋಣಿಚೀಲದಲ್ಲಿ ಕಟ್ಟಿ ಊರ ಹೊರಗೆ ಬಿಟ್ಟುಬರುತ್ತಾರೆ. “ಕೊಲ್ಲಲಿಲ್ಲವಲ್ಲಾ” ಎಂದು ಮನಸ್ಸಾಕ್ಷಿಗೆ ಸಮಾಧಾನ ಹೇಳಿಕೊಳ್ಳುತ್ತಾರೆ. ಆದರೆ ಮರಿಯ ಕಣ್ಣು ತೆರೆಯುವದಕ್ಕೆ ಸುಮಾರು ಎರಡು ವಾರ ಬೇಕು. ಅಂಥ ಎಳೆಯ ಮರಿ ತನ್ನ ಮೈಯನ್ನು ತಾನೇ ಬೆಚ್ಚಗಿಟ್ಟುಕೊಳ್ಳಲಾರದು. ನಾವು ಮಾಡದ ಕೊಲೆಯನ್ನು ಚಳಿಯೂ ಹಸಿವೆಯೂ ಮಾಡಿ ಮುಗಿಸುತ್ತವೆ. ಹಸಿವೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವದು ನಮ್ಮ ದೇಶದ 1960ನೆಯ ಇಸವಿಯ ಕಾನೂನಿನಲ್ಲಿಯೂ ಅಪರಾಧವೇ.

ಆದಕಾರಣ ಮರಿಗಳನ್ನು ಎಂಟು ವಾರ ತಾಯಿಯ ಬಳಿಯಲ್ಲಿರಿಸಿರಿ. ಅನಂತರ ಸಾಕುವ ಮನೆಯನ್ನು ಹುಡುಕಿ ಕೈಯಾರೆ ಒಪ್ಪಿಸಿರಿ. ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಚುಚ್ಚುಮದ್ದು ಹಾಕಿಸುವಂತೆ ಅವರಿಗೆ ಹೇಳಿರಿ. ಇನ್ನು ಮರಿಗಳು ಬೇಡವಾದರೆ ತಾಯಿನಾಯಿಯನ್ನು ಪಶುವೈದ್ಯರ ಬಳಿಗೆ ಕೊಂಡೊಯ್ದು ಸಂತಾನಹರಣ ಚಿಕಿತ್ಸೆ ಮಾಡಿಸಿರಿ.

ಪರರು ಬಿಟ್ಟ ಚೀಲದೊಳಗಿಂದ ಕೂಗು ಕೇಳಿದರೆ, ಅದನ್ನು ಬಿಚ್ಚದೆ ದಾಟಿಹೋಗಬೇಡಿರಿ. ಯೆರಿಕೋವಿನ ದಾರಿಯಲ್ಲಿ ದಾಟಿಹೋದ ಯಾಜಕನು ಸಹ ಯಾರನ್ನೂ ಕೊಂದಿರಲಿಲ್ಲ.

ನಿಂತು ನೋಡುವ ಹೃದಯವನ್ನು ಕರ್ತನು ನಮಗೆ ಅನುಗ್ರಹಿಸಲಿ. ಆಮೆನ್.