ಗರ್ಭಪಾತ ಮತ್ತು ವೈದ್ಯರ ಹೊಣೆಗಾರಿಕೆ

ಗರ್ಭಪಾತದ ಚರ್ಚೆ ಬಂದಾಗಲೆಲ್ಲ ನಾವು ಗರ್ಭಿಣಿಯ ತಪ್ಪು ಒಪ್ಪುಗಳನ್ನು ಅಳೆಯುತ್ತೇವೆ. ಕಾನೂನನ್ನು ಹೊಗಳುತ್ತೇವೆ ಇಲ್ಲವೇ ದೂರುತ್ತೇವೆ. ಆಕೆಗೂ ಕಾನೂನಿಗೂ ನಡುವೆ ನಿಂತಿರುವ ವೈದ್ಯರ ಹೊಣೆಯ ಬಗ್ಗೆ ಯೋಚಿಸುವವರು ಕಡಿಮೆ. ಕಾನೂನು ಅನುಮತಿಸಿದ್ದನ್ನೆಲ್ಲ ಸತ್ಯವಿಶ್ವಾಸಿಯಾದ ವೈದ್ಯ ಮಾಡಬಹುದೇ? ‘ನನ್ನ ಧರ್ಮ ಒಪ್ಪುವುದಿಲ್ಲ’ ಎಂದು ಹೇಳಿ ಕೈ ತೊಳೆದುಕೊಂಡರೆ ಆತನ ಹೊಣೆ ಮುಗಿಯುತ್ತದೆಯೇ?

ನಮ್ಮ ದೇಶದಲ್ಲಿ ವೈದ್ಯಕೀಯ ಗರ್ಭಪಾತ ಕಾಯ್ದೆ 1971ರಲ್ಲಿ ಬಂತು. 2021ರ ತಿದ್ದುಪಡಿಯಂತೆ, ಕಾಯ್ದೆ ಹೇಳುವ ಕಾರಣಗಳಿದ್ದರೆ 20 ವಾರಗಳವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ಕೆಲವು ವರ್ಗದ ಮಹಿಳೆಯರಿಗೆ 24 ವಾರಗಳವರೆಗೆ ಇಬ್ಬರದು ಬೇಕು. ತಾಯಿಯ ಜೀವ ಉಳಿಸಲು ತಕ್ಷಣ ಅಗತ್ಯವಿದ್ದರೆ ಈ ಮಿತಿಗಳು ಅಡ್ಡಬರುವುದಿಲ್ಲ. ವೈದ್ಯರ ಅಭಿಪ್ರಾಯ ‘ಸದ್ಭಾವನೆ’ಯಿಂದ ಕೂಡಿರಬೇಕೆಂಬುದು ಕಾಯ್ದೆಯ ಷರತ್ತು. ಆದರೆ ಮನಸ್ಸಿನೊಳಗನ್ನು ಯಾವ ಸರಕಾರ ತಾನೇ ಪರೀಕ್ಷಿಸಬಲ್ಲದು? ಕರ್ಮಗಳ ಬೆಲೆ ನಿಯ್ಯತ್ತನ್ನು ಅವಲಂಬಿಸಿದೆಯೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಕಾನೂನಿನ ಕಣ್ಣು ನಿಲ್ಲುವಲ್ಲಿಂದಲೇ ಅಲ್ಲಾಹನ ವಿಚಾರಣೆ ಆರಂಭವಾಗುತ್ತದೆ.

ಬಡತನದ ಭಯದಿಂದ ಮಕ್ಕಳನ್ನು ಕೊಲ್ಲುವುದನ್ನು ಪವಿತ್ರ ಕುರ್‌ಆನ್ ನಿಷೇಧಿಸಿದೆ (17:31). ಭ್ರೂಣದಲ್ಲಿ ಆತ್ಮ ಊದಲ್ಪಡುವುದು 120 ದಿನಗಳ ಬಳಿಕವೆಂದು ಬುಖಾರಿ ಮತ್ತು ಮುಸ್ಲಿಮ್‌ನ ಪ್ರಸಿದ್ಧ ಹದೀಸಿನಿಂದ ವಿದ್ವಾಂಸರು ಗ್ರಹಿಸಿದ್ದಾರೆ. ಅದಕ್ಕೆ ಮುಂಚಿನ ಅವಧಿಯ ಬಗ್ಗೆ ಭಿನ್ನಾಭಿಪ್ರಾಯವಿದೆ. ಸಕಾರಣವಿದ್ದರೆ ಆಗಬಹುದೆಂದು ಅನೇಕ ಹನಫೀ ವಿದ್ವಾಂಸರು ಹೇಳಿದರೆ, ಅದು ಮೊದಲಿನಿಂದಲೇ ಅಪರಾಧ, ಗರ್ಭ ಬೆಳೆದಂತೆ ಅಪರಾಧವೂ ಬೆಳೆಯುತ್ತದೆ ಎಂಬುದು ಇಮಾಮ್ ಗಝ್ಝಾಲಿಯವರ ನಿಲುವು. ಮಕ್ಕಾದ ಇಸ್ಲಾಮೀ ಕರ್ಮಶಾಸ್ತ್ರ ಮಂಡಳಿ 1990ರಲ್ಲಿ, 120 ದಿನಗಳೊಳಗೆ ಭ್ರೂಣದ ಗಂಭೀರ, ಚಿಕಿತ್ಸೆಯಿಲ್ಲದ ವೈಕಲ್ಯವನ್ನು ನುರಿತ ವೈದ್ಯರ ಸಮಿತಿ ದೃಢಪಡಿಸಿದರೆ ಅನುಮತಿಸಬಹುದೆಂದಿತು. ಆ ಅವಧಿ ದಾಟಿದ ಬಳಿಕ ತಾಯಿಯ ಜೀವಕ್ಕೇ ಅಪಾಯವಿರಬೇಕು. ಅದನ್ನು ದೃಢಪಡಿಸುವವರೂ ವೈದ್ಯರೇ.

ಅಂದರೆ ಫತ್ವಾ ನೀಡುವ ಆಲಿಮರೂ ವೈದ್ಯರ ಮಾತನ್ನೇ ಅವಲಂಬಿಸಿದ್ದಾರೆ. ಆ ಮಾತು ಒಂದು ಸಾಕ್ಷ್ಯ. ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ವೈದ್ಯರು ವಾರಗಳನ್ನು ಕೊನೆಯ ಮುಟ್ಟಿನ ದಿನದಿಂದ ಎಣಿಸುತ್ತಾರೆ; ಕರ್ಮಶಾಸ್ತ್ರದ 120 ದಿನಗಳ ಲೆಕ್ಕ ಗರ್ಭ ನಿಂತಲ್ಲಿಂದ. ಆದ್ದರಿಂದ 120 ದಿನಗಳೆಂದರೆ ವೈದ್ಯರ ಎಣಿಕೆಯಲ್ಲಿ ಸುಮಾರು 19 ವಾರ. ಇಬ್ಬರೂ ಕೂಡಿ ಮಾತನಾಡದಿದ್ದರೆ ತೀರ್ಪೇ ತಪ್ಪಬಹುದು.

ವೈದ್ಯರು ಎರಡು ಕಡೆ ಎಡವುವುದುಂಟು. ಒಂದು, ವಿಚಾರಿಸದೆ ಸಹಿ ಹಾಕುವುದು. ಭ್ರೂಣಲಿಂಗ ಪತ್ತೆಯನ್ನು 1994ರ ಕಾಯ್ದೆ ನಿಷೇಧಿಸಿದೆ. ಆದರೂ ಹೆಣ್ಣೆಂದು ತಿಳಿದು, ಬೇರೆ ಕಾರಣ ಬರೆದು ಗರ್ಭ ತೆಗೆಯುವ ಕೈಗೂ, ಹಸುಳೆಯನ್ನು ಜೀವಂತ ಹೂಳುತ್ತಿದ್ದ ಅಜ್ಞಾನ ಕಾಲದ ಕೈಗೂ ಏನು ವ್ಯತ್ಯಾಸ? ಯಾವ ಪಾಪಕ್ಕಾಗಿ ಕೊಲ್ಲಲಾಯಿತೆಂಬ ಪ್ರಶ್ನೆ (81:8-9) ಆ ಸಹಿಯನ್ನೂ ಹಿಂಬಾಲಿಸುತ್ತದೆ.

ಇನ್ನೊಂದು, ಕಾನೂನಿನ ಅಥವಾ ನಂಬಿಕೆಯ ಮರೆಯಲ್ಲಿ ನಿಂತು ತಾಯಿಯನ್ನು ಕೈಬಿಡುವುದು. ಬೆಳಗಾವಿ ಮೂಲದ ದಂತವೈದ್ಯೆ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಆಸ್ಪತ್ರೆ ಸೇರಿದಾಗ 17 ವಾರಗಳ ಗರ್ಭಿಣಿ. ಗರ್ಭ ಉಳಿಯುವುದಿಲ್ಲವೆಂದು ಖಚಿತವಾಗಿತ್ತು. ಆದರೆ ಭ್ರೂಣದ ಹೃದಯ ಮಿಡಿಯುತ್ತಿರುವ ತನಕ ಗರ್ಭಪಾತ ಸಾಧ್ಯವಿಲ್ಲವೆಂಬ ಉತ್ತರ ಬಂತು. ಸೋಂಕು ರಕ್ತಕ್ಕೆ ಹರಡಿ 28ರಂದು ಅವರು ತೀರಿಕೊಂಡರು. ಮಗುವೂ ಉಳಿಯಲಿಲ್ಲ, ತಾಯಿಯೂ ಉಳಿಯಲಿಲ್ಲ. ಎರಡು ಕೇಡುಗಳ ನಡುವೆ ಕಡಿಮೆ ಕೇಡನ್ನು ಆರಿಸಬೇಕೆಂಬ ನಮ್ಮ ಕರ್ಮಶಾಸ್ತ್ರದ ನಿಯಮ ಇಂತಹ ಗಳಿಗೆಗಾಗಿಯೇ ಇರುವುದು. 2018ರಲ್ಲಿ ಆ ದೇಶವೇ ಜನಮತ ಪಡೆದು ಕಾನೂನು ಬದಲಿಸಿತು. ಮನಸ್ಸಾಕ್ಷಿ ಒಪ್ಪದ ವೈದ್ಯರು ಹಿಂದೆ ಸರಿಯಬಹುದು, ಆದರೆ ರೋಗಿಯನ್ನು ಬೇರೊಬ್ಬರಿಗೆ ಒಪ್ಪಿಸಬೇಕು, ತುರ್ತು ಸಂದರ್ಭದಲ್ಲಿ ಹಿಂಜರಿಯುವಂತಿಲ್ಲ ಎಂಬುದು ಹೊಸ ನಿಯಮ.

ಮುಸ್ಲಿಮ್ ವೈದ್ಯರಿಗೆ ಈ ಮಾತು ಹೊಸದಾಗಬಾರದು. ಹರಾಮ್ ಎಂದು ಮನವರಿಕೆಯಾದ ಕೆಲಸಕ್ಕೆ ‘ಇಲ್ಲ’ ಎನ್ನುವ ಹಕ್ಕು ಅವರಿಗಿದೆ. ಬೈಯುವ, ಅವಮಾನಿಸುವ, ಗುಟ್ಟು ಬಯಲು ಮಾಡುವ ಹಕ್ಕಿಲ್ಲ. ಬಾಗಿಲಲ್ಲೇ ತಿರಸ್ಕೃತಳಾದ ಹೆಣ್ಣು ಅರೆಬರೆ ಕಲಿತವರ ಕೈಗೆ ಬಿದ್ದು ಪ್ರಾಣ ಕಳೆದುಕೊಂಡರೆ, ‘ನಾನು ಮುಟ್ಟಲಿಲ್ಲ’ ಎಂಬ ಉತ್ತರ ಪರಲೋಕದಲ್ಲಿ ಸಾಕಾದೀತೇ? ಒಂದು ಜೀವ ಉಳಿಸುವುದು ಇಡೀ ಮನುಕುಲವನ್ನು ಉಳಿಸಿದಂತೆ ಎಂಬ ಬೋಧನೆಯಲ್ಲಿ (5:32) ತಾಯಿಯ ಜೀವವೂ ಸೇರಿದೆ.

ಕುಟುಂಬದವರೂ ಸಂಶಯ ಮೂಡಿದ ದಿನವೇ ನಂಬಿಗಸ್ಥ ವೈದ್ಯರನ್ನೂ ಬಲ್ಲ ಆಲಿಮರನ್ನೂ ಕಾಣಲಿ. ತಡಮಾಡಿದಷ್ಟೂ ದಾರಿಗಳು ಮುಚ್ಚುತ್ತವೆ. ವೈದ್ಯರ ಸಹಿಗೂ ಲೆಕ್ಕವಿದೆ, ನಿರಾಕರಣೆಗೂ ಲೆಕ್ಕವಿದೆ. ಎರಡನ್ನೂ ಅಮಾನತ್ ಎಂದು ತಿಳಿದು ನಡೆಯುವ ವಿವೇಕವನ್ನು ಅಲ್ಲಾಹನು ನಮ್ಮ ವೈದ್ಯರಿಗೆ ಕರುಣಿಸಲಿ. ಆಮೀನ್.