ಮರೆಯ ಕೆಲಸ

ಪರರ ಕಣ್ಣಿಗೆ ಬೀಳದ ಕೆಲಸವನ್ನೂ ಬೀಳುವ ಕೆಲಸದಷ್ಟೇ ಶ್ರದ್ಧೆಯಿಂದ ಮಾಡಬೇಕೆ? ಇದು ಗೃಹಸ್ಥರಾದ ನಾವೆಲ್ಲರೂ ವಿಚಾರಿಸತಕ್ಕ ವಿಷಯ. ಉತ್ತರವನ್ನು ಶಾಸ್ತ್ರಗಳಲ್ಲಿಯೇ ಅರಸಬೇಕಾಗಿಲ್ಲ; ಬಚ್ಚಲುಮನೆಯ ಗೋಡೆಯೂ ಅದನ್ನು ಹೇಳಬಲ್ಲದು.

ಅಮೆರಿಕ ದೇಶದಲ್ಲಿ ಗೃಹಸ್ಥರು ತಮ್ಮ ಬಚ್ಚಲುಮನೆಯನ್ನು ತಾವೇ ಹೊಸದು ಮಾಡಿಕೊಳ್ಳುವ ರೂಢಿಯುಂಟು. ಅಲ್ಲಿಯ ಮನೆಗಳ ಒಳಗೋಡೆಗಳು ಬಹುಮಟ್ಟಿಗೆ ಮರದ ಚೌಕಟ್ಟಿಗೆ ಬಡಿದ ಜಿಪ್ಸಂ ಹಲಗೆಗಳು. ಸಂದುಗಳಿಗೆ ಕಾಗದದ ಪಟ್ಟಿಯಂಟಿಸಿ, ಸಾಮಾನ್ಯವಾಗಿ 3 ಸಾರಿ ಲೇಪ ಬಳಿದು, ಪ್ರತಿಯೊಂದು ಲೇಪವೂ ಒಣಗುವವರೆಗೆ ಕಾದು, ಉಜ್ಜಿ ನಯಗೊಳಿಸಬೇಕು. ಇಲ್ಲಿ ಅವಸರಪಟ್ಟರೆ ಬಣ್ಣ ಬಳಿದೊಡನೆ ಸಂದು ಎದ್ದು ಕಾಣುವುದು. ತಪ್ಪು ತಾನಾಗಿಯೇ ಬಯಲಾಗುವುದು.

ನೀರು ಬೀಳುವ ಗೋಡೆಯ ಮಾತು ಬೇರೆ. ನೀರನ್ನು ಟೈಲುಗಳೇ ತಡೆಯುವುವೆಂದು ಹಲವರು ಭ್ರಮಿಸುತ್ತಾರೆ. ಆದರೆ ಅವುಗಳ ಸಂದುಗಳಲ್ಲಿ ನೀರು ಜಿನುಗುವುದುಂಟು. ಆದುದರಿಂದ ನೀರಿಗೆ ಕೆಡದ ಸಿಮೆಂಟು ಹಲಗೆಯನ್ನು ಹಾಕಿ, ಅದರ ಮೇಲೆ ಜಲನಿರೋಧಕ ಲೇಪವನ್ನು ಬಳಿದು, ಬಳಿಕ ಟೈಲು ಹಚ್ಚತಕ್ಕದ್ದು. ಸಾಧಾರಣ ಜಿಪ್ಸಂ ಹಲಗೆಯ ಮೇಲೆಯೇ ಹಚ್ಚಿದರೂ ಮೊದಲ ದಿನ ಎರಡು ಗೋಡೆಗಳೂ ಒಂದೇ ತೆರನಾಗಿ ಹೊಳೆಯುವುವು. ಕಾಲಕ್ರಮದಲ್ಲಿ ಒಂದರ ಒಡಲು ನೆನೆದು, ಬೂಷ್ಟು ಹಿಡಿದು, ಟೈಲುಗಳು ಕಳಚುವುವು.

ಕೂಲಿಯವನು ಮರೆಯಲ್ಲಿ ಕಳ್ಳಕೆಲಸ ಮಾಡಿದರೆ ಒಡೆಯನನ್ನು ವಂಚಿಸಿದನೆನ್ನುತ್ತೇವೆ. ತನ್ನ ಮನೆಯಲ್ಲಿ ತಾನೇ ದುಡಿಯುವವನು ವಂಚಿಸುವುದು ಯಾರನ್ನು? ತನ್ನನ್ನೇ ಎಂದರೆ ಅರ್ಧಸತ್ಯ. ಮನೆ ನಾಳೆ ಪರರ ಕೈ ಸೇರೀತು. ಆ ಬೂಷ್ಟಿನ ಗಾಳಿಯನ್ನು ಉಸಿರಾಡುವವರು ಅವನು ಕಂಡರಿಯದ ಮಕ್ಕಳಾದಾರು. ಅವರ ಪರವಾಗಿ ಇಂದು ನಿಂತು ಕೇಳುವವರಿಲ್ಲ. ಟೈಲು ಮುಚ್ಚುವ ಮುನ್ನ ಅವನಿಗೆ ಅವನೊಬ್ಬನೇ ಸಾಕ್ಷಿ. ಆ ಏಕಾಂತದಲ್ಲಿ ಕೈ ನಡೆಯುವ ರೀತಿಯೇ ಅವನ ಶೀಲ.