ಹಟ್ಟಿ ಬಿಟ್ಟು ಗಿರಿಗೆ ಬಂದ ಕುರಿಗಾಹಿ

ಶ್ರೀ ಕುಮಾರಸ್ವಾಮಿಯ ಈ ಗಿರಿಗೆ ಬರುವವರು ನಾನಾ ಬಗೆಯವರು. ರಜೆ ಹಾಕಿ ಬರುವ ನೌಕರರು, ಅಂಗಡಿಗೆ ಬೀಗ ಜಡಿದು ಬರುವ ವ್ಯಾಪಾರಸ್ಥರು, ಸಾಲಿಗೆ ಸೂಟಿ ಸಿಕ್ಕಾಗ ಬರುವ ಮಕ್ಕಳು. ಆದರೆ ಬೀಗ ಹಾಕಲಿಕ್ಕೆ ಬಾರದ, ಸೂಟಿ ಎಂಬುದೇ ಇಲ್ಲದ ಕಾಯಕವೂ ಲೋಕದಲ್ಲಿದೆ. ಅದು ಕುರಿ ಕಾಯುವ ಕಾಯಕ. ಕುರಿಗೆ ಭಾನುವಾರ ಗೊತ್ತಿಲ್ಲ, ಹಬ್ಬ ಗೊತ್ತಿಲ್ಲ. ಹೊತ್ತು ಹುಟ್ಟಿತೆಂದರೆ ಮೇವು, ಮಧ್ಯಾಹ್ನಕ್ಕೆ ನೀರು, ಹೊತ್ತು ಮುಳುಗಿದರೆ ಹಟ್ಟಿ. ಇಷ್ಟರಲ್ಲಿ ಒಂದು ತಪ್ಪಿದರೂ ಅದು ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ಮನೆ ಸೊರಗುತ್ತದೆ. ಅಂಥ ಕಾಯಕದವನೊಬ್ಬನು ಒಂದೇ ಒಂದು ಸಾರಿ ಹಿಂಡು ಬಿಟ್ಟು ಗಿರಿಗೆ ಬಂದ ದೃಷ್ಟಾಂತವನ್ನು ಇಲ್ಲಿ ತಿಳಿಯೋಣ.

ತೋರಣಗಲ್ಲಿನ ಸೀಮೆಯಲ್ಲಿ ಒಬ್ಬ ಕುರಿಗಾಹಿ ಇದ್ದನು. ಹಿಂಡಿನಲ್ಲಿ ನೂರಕ್ಕೆ ಮೇಲ್ಪಟ್ಟು ಕುರಿ. ಈ ಭಾಗದ ಕುರಿಗೆ ಬಳ್ಳಾರಿ ತಳಿ ಎಂದೇ ಹೆಸರು. ಕರಿದು, ಬಿಳಿದು, ಎರಡೂ ಬೆರೆತದ್ದು; ಉಣ್ಣೆ ಒರಟು, ಆದರೆ ಕಂಬಳಿಗೆ ಒಳ್ಳೆಯದು. ತಾಯಿಕುರಿ ಐದು ತಿಂಗಳು ಹೊತ್ತು ಈಯುತ್ತದೆ. ಈದ ದಿನ ಮರಿಯನ್ನು ಹೆಗಲ ಮೇಲಿನ ಕಂಬಳಿಯಲ್ಲಿಟ್ಟುಕೊಂಡು ಮೈಲುಗಟ್ಟಲೆ ನಡೆಯುವವನು ಕುರಿಗಾಹಿಯೇ. ಮಳೆಗಾಲ ಕಳೆದು ಜೋಳದ ಹೊಲ ಕೊಯ್ಲಾದ ಮೇಲೆ ಕೂಳೆ ಮೇಯಿಸುವುದು, ಆಮೇಲೆ ತುಂಗಭದ್ರಾ ಕಾಲುವೆಯ ಕಂಪ್ಲಿ ಕಡೆಗೆ ಇಳಿದು ಭತ್ತ ಕೊಯ್ದ ಗದ್ದೆಯಲ್ಲಿ ಕುರಿ ತರುಬುವುದು. ರಾತ್ರಿಯೆಲ್ಲ ಕುರಿ ಮಲಗಿದ ಗದ್ದೆಗೆ ಗೊಬ್ಬರವಾಗುತ್ತದೆ. ಅದಕ್ಕೆ ಗದ್ದೆಯವರು ಕಾಳನ್ನೋ ರೊಕ್ಕವನ್ನೋ ಕೊಡುತ್ತಾರೆ. 1953ರಲ್ಲಿ ಜಲಾಶಯ ಕಟ್ಟಿ ಮುಗಿದು ಕಾಲುವೆಗೆ ನೀರು ಬಂದ ಮೇಲೆ ಎಷ್ಟೋ ಹಿಂಡುಗಳಿಗೆ ಈ ದಾರಿಯೇ ಜೀವನವಾಯಿತು.

ಇತ್ತ ಊರ ಹತ್ತಿರ ಮೇವಿನ ಜಾಗ ಕಡಿಮೆಯಾಗುತ್ತ ಬಂತು. 1971ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಗೆ ಅಡಿಗಲ್ಲು ಹಾಕಿದರು. ಮುಂದೆ 1990ರ ದಶಕದಲ್ಲಿ ದೊಡ್ಡ ಕಾರ್ಖಾನೆಯೇ ಎದ್ದು ನಿಂತಿತು. ಊರಿಗೆ ದುಡಿಮೆ ಬಂತು, ರಸ್ತೆ ಬಂತು, ಅದಿರಿನ ಲಾರಿಯೂ ಬಂತು. ಓರಗೆಯ ಹುಡುಗರು ಪಾಳಿಯ ಕೆಲಸಕ್ಕೆ ಸೇರಿದರು. ಅವರಿಗೆ ವಾರಕ್ಕೊಂದು ರಜೆ. ಕುರಿಗಾಹಿಗೆ ಮಾತ್ರ ವರುಷಕ್ಕೂ ಇಲ್ಲ.

ಪ್ರತಿ ಕಾರ್ತಿಕದಲ್ಲೂ ಅವನ ಹೆಂಡತಿ ಕೇಳುವಳು, “ಈ ಸಲನಾರ ಗಿರಿಗೆ ಹೋಗಿ ಬರ್ತೀರೇನು?” ಅವನದು ಒಂದೇ ಉತ್ತರ: “ನಾನು ಹೋದ್ರ ಕುರಿ ಯಾರು ಕಾಯ್ತಾರ?” ಹೀಗೆಯೇ ಇಪ್ಪತ್ತೆಂಟು ಕಾರ್ತಿಕ ಕಳೆದವು. ಮಗಳ ಮದುವೆಯ ದಿನ ಕೂಡ ಅಕ್ಕಿಕಾಳು ಹಾಕಿದವನೇ ಹಿಂಡಿನ ಕಡೆಗೆ ಓಡಿದ್ದನು. ಊರವರು ಅದನ್ನು ಹೊಗಳಿ ಹೇಳುವರು. ಅವನಿಗೂ ಒಳಗೊಳಗೇ ಹೆಮ್ಮೆ ಇತ್ತು.

ಇಪ್ಪತ್ತೊಂಬತ್ತನೇ ವರುಷ ಅವನ ತಮ್ಮ ಬಂದು ಕಾಲು ಹಿಡಿದ. “ಯಣ್ಣಾ, ಮೂರು ದಿನ ನಾನು ನೋಡ್ಕೊಂತೀನಿ. ನೀನು ಹೋಗಿ ಬಾ. ನನ್ನ ಮ್ಯಾಲ ನಿನಗ ಇಷ್ಟೂ ನಂಬಿಕಿ ಇಲ್ಲೇನು?” ಆ ಕಡೆಯ ಮಾತು ಅವನಿಗೆ ನಾಟಿತು. ಬುತ್ತಿ ಕಟ್ಟಿಸಿಕೊಂಡ, ಕಂಬಳಿ ಹೆಗಲಿಗೇರಿಸಿದ, ತೋರಣಗಲ್ಲಿನಲ್ಲಿ ಬಸ್ಸು ಹತ್ತಿ ಸಂಡೂರಿಗೆ ಬಂದು ಘಟ್ಟ ಏರಿದ.

ಗಿರಿಯ ಮೇಲೆ ಹುಣ್ಣಿಮೆಯ ಜನ. ಹೊಂಡದಲ್ಲಿ ಕೈಕಾಲು ತೊಳೆದು ಸಾಲಿನಲ್ಲಿ ನಿಂತ. ಸ್ವಾಮಿಯ ಮುಂದೆ ಬಂದಾಗ ಕೈ ಮುಗಿದನೇ ಹೊರತು ಏನು ಬೇಡಿಕೊಳ್ಳಬೇಕೆಂದು ತಿಳಿಯಲಿಲ್ಲ. ಮಂಗಳಾರತಿಯ ಗಂಟೆ ಬಾರಿಸಿದರೆ ಅವನ ಕಿವಿಗೆ ತನ್ನ ಟಗರಿನ ಕೊರಳ ಗಂಟೆಯೇ ಕೇಳಿತು. ರಾತ್ರಿ ಪೌಳಿಯಲ್ಲಿ ಮಲಗಿದರೆ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿಕೊಂಡು ಒಂದೊಂದೇ ಕುರಿ ಎಣಿಸತೊಡಗಿದ. ಕುಂಟು ಕುರಿ ಹಿಂದೆ ಉಳಿದಿತೇನೋ, ತಮ್ಮ ನೀರಿಗೆ ಬಿಟ್ಟನೋ ಇಲ್ಲವೋ, ಗಬ್ಬದ ಕುರಿ ಈ ರಾತ್ರಿಯೇ ಈದರೆ ಗತಿ ಏನು?

ಬೆಳಗಿನ ಜಾವ ಪಕ್ಕದಲ್ಲಿ ಭಸ್ಮ ಧರಿಸಿ ಕುಳಿತಿದ್ದ ಹಿರಿಯರೊಬ್ಬರ ಮುಂದೆ ಕಣ್ಣೀರು ತಂದುಕೊಂಡು ಹೇಳಿದ: “ಅಜ್ಜಾರ, ನಾನು ಪಾಪಿ ಅದೀನಿ. ಇಪ್ಪತ್ತೊಂಬತ್ತು ವರ್ಷಕ್ಕ ಒಮ್ಮೆ ಬಂದೀನಿ, ಬಂದ್ರೂ ಮನಸು ದೇವರ ಮ್ಯಾಲ ನಿಲ್ಲವಲ್ದು. ಬರೀ ಕುರಿನ ಕಾಣ್ತಾವ.”

ಹಿರಿಯರು ನಕ್ಕರು. “ತಮ್ಮಾ, ಈ ಸ್ವಾಮಿ ಈ ಗಿರಿಗೆ ಯಾಕ ಬಂದ ಗೊತ್ತೈತೇನು?” ಎಂದು ಕೇಳಿ ಪುರಾಣದ ಕಥೆಯನ್ನು ಹೇಳಿದರು.

ಶಿವಪಾರ್ವತಿಯರು ಮಕ್ಕಳಿಬ್ಬರಿಗೂ ಭೂಮಿ ಸುತ್ತಿ ಬರುವ ಪಂಥ ಕಟ್ಟಿದರು. ಕುಮಾರಸ್ವಾಮಿ ನವಿಲನ್ನೇರಿ ಹೊರಟನು. ಗಣಪತಿ ತಂದೆತಾಯಿಗಳನ್ನೇ ಸುತ್ತಿ ಕೈ ಮುಗಿದು ನಿಂತು ಗೆದ್ದನು. ಊರೂರು, ತೀರ್ಥ ತೀರ್ಥ ಸುತ್ತಿ ದಣಿದು ಬಂದ ಕುಮಾರನಿಗೆ ಸಿಟ್ಟು ಬಂತು. ಮನೆ ಬಿಟ್ಟು ಕ್ರೌಂಚಗಿರಿಗೆ ಬಂದು ಕುಳಿತನು. ಸಂಡೂರಿನ ಈ ಬೆಟ್ಟವನ್ನೇ ಭಕ್ತರು ಆ ಕ್ರೌಂಚಗಿರಿಯೆಂದು ನಂಬಿಕೊಂಡು ಬಂದಿದ್ದಾರೆ. ತಂದೆತಾಯಿ ಕರೆದರೂ ಮಗ ಹೋಗಲಿಲ್ಲ. ಆಗ ಅವರು ಏನು ಮಾಡಿದರು? “ಬರದಿದ್ದರೆ ಬಿಡು” ಎನ್ನಲಿಲ್ಲ. ಕೈಲಾಸ ಬಿಟ್ಟು ತಾವೇ ಮಗನ ಸಮೀಪಕ್ಕೆ ಬಂದರು. ಶ್ರೀಶೈಲದಲ್ಲಿ ಮಲ್ಲಿಕಾರ್ಜುನನಾಗಿ ನೆಲೆಸಿದರು. ಅಮಾವಾಸ್ಯೆಗೆ ತಂದೆ, ಹುಣ್ಣಿಮೆಗೆ ತಾಯಿ ಮಗನನ್ನು ನೋಡಲು ಬರುವರೆಂದು ಶಿವಪುರಾಣ ಹೇಳುತ್ತದೆ. ಇಲ್ಲಿಯೂ ಕುಮಾರಸ್ವಾಮಿಯ ಗುಡಿಯ ಪಕ್ಕದಲ್ಲಿಯೇ ಪಾರ್ವತಿಯ ಗುಡಿ ಇರುವುದನ್ನು ಭಕ್ತರು ನೋಡಿಯೇ ಇರುತ್ತಾರೆ. ಸಾವಿರ ವರುಷಕ್ಕೂ ಹಿಂದಿನಿಂದ ತಾಯಿ ಮಗನ ಸನಿಹದಲ್ಲಿಯೇ ಇದ್ದಾಳೆ.

“ತಿಳೀತೇನು ತಮ್ಮಾ? ಸಿಟ್ಟು ಮಾಡ್ಕೊಂಡು ಬರದಿದ್ದ ಮಗನ ಹಂತ್ಯಾಕ ದೇವರು ತಾನಾಗಿ ಬಂದ. ದುಡಿಮಿ ಬಿಟ್ಟು ಬರಾಕ ಆಗದವನ ಹಂತ್ಯಾಕ ಬರೂದಿಲ್ಲೇನು?”

ಕುರಿಗಾಹಿ ಸುಮ್ಮನೆ ಕೇಳುತ್ತಿದ್ದ. ಹಿರಿಯರು ಇನ್ನೊಂದು ಕಥೆ ಹೇಳಿದರು. ಅದು ಅವನ ಕಾಯಕದವನದೇ ಕಥೆ.

ವೀರಗೊಲ್ಲಾಳನೆಂಬ ಶರಣನು ಕುರಿ ಕಾಯುವವನು. ಶ್ರೀಶೈಲಕ್ಕೆ ಹೊರಟ ಜಂಗಮರೊಬ್ಬರನ್ನು ಕಂಡು, “ನನಗ ಕುರಿ ಬಿಟ್ಟು ಬರಾಕ ಆಗೂದಿಲ್ಲ, ಅಲ್ಲಿಂದ ಒಂದು ಲಿಂಗ ತಂದುಕೊಡ್ರಿ” ಎಂದು ಬೇಡಿಕೊಂಡನು. ಅವರು ಯಾತ್ರೆಯ ಗಡಿಬಿಡಿಯಲ್ಲಿ ಮರೆತುಬಿಟ್ಟರು. ಮರಳಿ ಬರುವಾಗ ಹುಡುಗ ದಾರಿಯಲ್ಲಿ ಕಾದು ನಿಂತಿದ್ದಾನೆ! ಏನು ಮಾಡುವುದೆಂದು ತೋಚದೆ ಅಲ್ಲಿಯೇ ಬಿದ್ದಿದ್ದ ಕುರಿಯ ಹಿಕ್ಕೆಯೊಂದನ್ನು ಎತ್ತಿ “ಇಗೋ ಲಿಂಗ” ಎಂದು ಕೊಟ್ಟುಬಿಟ್ಟರು. ಗೊಲ್ಲಾಳನು ಸಂಶಯಪಡಲಿಲ್ಲ. ಕುರಿಯ ಹಾಲಿನಿಂದ ಅಭಿಷೇಕ ಮಾಡಿದನು, ಕುರಿ ಕಾಯುತ್ತಲೇ ಪೂಜಿಸಿದನು. ಹಿಕ್ಕೆಯೇ ಲಿಂಗವಾಗಿ ಬೆಳೆಯಿತು. ವಿಜಯಪುರ ಜಿಲ್ಲೆಯ ಗೋಲಗೇರಿಯಲ್ಲಿ ಇಂದಿಗೂ ಗೊಲ್ಲಾಳೇಶ್ವರನಿಗೆ ಭಕ್ತರು ನಡೆದುಕೊಳ್ಳುತ್ತಾರೆ.

“ಶ್ರೀಶೈಲಕ್ಕ ಹೋಗಿ ಬಂದವ್ರು ಜಂಗಮರು. ಶ್ರೀಶೈಲ ಬಂದದ್ದು ಕುರಿ ಕಾಯೋನ ಹಂತ್ಯಾಕ,” ಎಂದರು ಹಿರಿಯರು.

ಕುರಿಗಾಹಿಗೆ ಸಮಾಧಾನವಾಯಿತು. ಕೂಡಲೇ ಸಂಶಯವೂ ಬಂತು. “ಹಂಗಾದ್ರ ಅಜ್ಜಾರ, ನಾನು ಬರೂದು ಬ್ಯಾಡಾಗಿತ್ತೇನು? ಹಟ್ಟ್ಯಾಗ ಇದ್ರ ಸಾಕಾಗಿತ್ತಲ್ಲ!”

ಈ ಪ್ರಶ್ನೆ ಸಣ್ಣದಲ್ಲ. ಹಿರಿಯರು ಕೊಟ್ಟ ಉತ್ತರವನ್ನು ಭಕ್ತರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

“ಗೊಲ್ಲಾಳ ‘ನನಗ ಬರಾಕ ಆಗೂದಿಲ್ಲ’ ಅಂದ. ನೀನು ‘ನಾನಿಲ್ಲಂದ್ರ ಆಗೂದಿಲ್ಲ’ ಅಂದಿ. ಎರಡೂ ಮಾತು ಒಂದ ಕಂಡಂಗ ಕಾಣ್ತಾವ, ಒಂದಲ್ಲ. ಅವನದು ಪ್ರೀತಿ, ನಿಂದು ‘ನಾನು’. ಇಪ್ಪತ್ತೊಂಬತ್ತು ವರ್ಷ ನೀನು ಕುರಿ ಕಾದಿ, ಖರೆ. ಆದ್ರ ಮಳಿ ನೀನು ಸುರಿಸಿದೇನು? ಹುಲ್ಲು ನೀನು ಚಿಗುರಿಸಿದೇನು? ಹೊಟ್ಟ್ಯಾಗಿನ ಮರೀಗೆ ಐದು ತಿಂಗಳು ಉಸಿರು ಕೊಟ್ಟವ ಯಾರು? ಕಾಯೋ ಒಡೆಯ ಬ್ಯಾರೆ ಅದಾನ, ನೀನು ಕೋಲು ಹಿಡಿದವ. ವರ್ಷಕ್ಕೊಮ್ಮೆ ಆ ಕೋಲು ಇನ್ನೊಬ್ಬರ ಕೈಗೆ ಕೊಟ್ಟು ಬರಬೇಕು. ಇಲ್ದಿದ್ರ ಕೋಲು ಹಿಡಿದವನ ಒಡೆಯ ಅಂತ ತಿಳ್ಕೊಂಡು ಕುಂದರತಾನ.”

ಆ ಮಾತು ಕೇಳಿ ಕುರಿಗಾಹಿ ಎದ್ದು ಮತ್ತೊಮ್ಮೆ ದರ್ಶನಕ್ಕೆ ನಿಂತ. ಈ ಸಲ ಕುರಿಗಳ ನೆನಪನ್ನು ಓಡಿಸಲಿಲ್ಲ. ಒಂದೊಂದೇ ಕುರಿಯನ್ನು ನೆನೆದು, “ಸ್ವಾಮಿ, ಇದು ನಿಂದು” ಎಂದ. ಹಿಂಡು ಮುಗಿಯುವ ಹೊತ್ತಿಗೆ ಗರ್ಭಗುಡಿಯ ಬಾಗಿಲು ಬಂದಿತ್ತು. ಮೊದಲ ದಿನ ಅಡ್ಡಿಯಾಗಿದ್ದ ಎಣಿಕೆಯೇ ಎರಡನೆಯ ದಿನ ಜಪವಾಯಿತು.

ಮೂರನೆಯ ದಿನ ಊರಿಗೆ ಮರಳಿದ. ಹಟ್ಟಿಯ ಬಾಗಿಲಲ್ಲೇ ತಮ್ಮ ತಲೆ ತಗ್ಗಿಸಿ ಕುಳಿತಿದ್ದ. “ಯಣ್ಣಾ, ನಿನ್ನೆ ರಾತ್ರಿ ತೋಳ ಬಿತ್ತು. ಗಬ್ಬದ ಕುರಿ ಹೋತು. ನಾನು ಎಚ್ಚರ ಇದ್ದೆ, ಆದ್ರೂ ಹೋತು,” ಎಂದು ಅತ್ತ.

ಸದ್ಭಕ್ತರೇ, ಯಾತ್ರೆಯ ಪರೀಕ್ಷೆ ಗಿರಿಯ ಮೇಲೆ ಆಗುವುದಿಲ್ಲ, ಮನೆಯ ಬಾಗಿಲಲ್ಲಿ ಆಗುತ್ತದೆ. ಕುರಿಗಾಹಿಗೆ ಎದೆ ಧಸಕ್ಕೆಂದಿತು. “ನಾನಿದ್ದಿದ್ರ...” ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆ ಮಾತು ಆಡಿದ್ದರೆ ತಮ್ಮನು ಜನ್ಮದಲ್ಲಿ ಕೋಲು ಹಿಡಿಯುತ್ತಿರಲಿಲ್ಲ, ಅಣ್ಣನು ಜನ್ಮದಲ್ಲಿ ಗಿರಿ ಏರುತ್ತಿರಲಿಲ್ಲ. ದೇವರು ಸೇವೆ ಒಪ್ಪಲಿಲ್ಲ, ಶಿಕ್ಷೆ ಕೊಟ್ಟ ಎಂದು ಊರವರೂ ಆಡಿಕೊಳ್ಳುತ್ತಿದ್ದರು. ಆದರೆ ಅವನಿಗೆ ಹಿಂದಿನದು ನೆನಪಾಯಿತು. ತಾನೇ ಹಟ್ಟಿಯಲ್ಲಿದ್ದ ವರುಷಗಳಲ್ಲಿ ತೋಳ ಬಿದ್ದಿರಲಿಲ್ಲವೇ? ಕರುಳುಬೇನೆ ಬಂದು ಮರಿಗಳು ಹೋಗಿರಲಿಲ್ಲವೇ? ಆಗ ತನಗೆ “ಯಾಕೆ ಬಿಟ್ಟಿ” ಎಂದು ಯಾರೂ ಕೇಳಿರಲಿಲ್ಲ.

ಅವನು ತಮ್ಮನ ಪಕ್ಕ ಕುಳಿತ. ಗಂಟು ಬಿಚ್ಚಿ ಭಸ್ಮ ತೆಗೆದು ಮೊದಲು ತಮ್ಮನ ಹಣೆಗೆ ಹಚ್ಚಿದ, ಕೈಗೆ ಪ್ರಸಾದ ಕೊಟ್ಟ. “ನನ್ನ ಕೈಯಾಗೂ ಹೋಗ್ಯಾವಪಾ. ಇವತ್ತು ನಾವಿಬ್ಬರೂ ಕೂಡಿ ಹಟ್ಟಿ ಬೇಲಿ ಕಟ್ಟೂಣು. ಬರೂ ಕಾರ್ತಿಕಕ್ಕ ನೀನು ಗಿರಿಗೆ ಹೋಗು, ನಾನು ಕಾಯ್ತೀನಿ,” ಎಂದ. ಸತ್ತ ಕುರಿಗಾಗಿ ಅವನಿಗೆ ದುಃಖವಾಗಲಿಲ್ಲವೆಂದಲ್ಲ. ರಾತ್ರಿ ಹಿಂಡು ಎಣಿಸುವಾಗ ಆ ಒಂದರ ಜಾಗದಲ್ಲಿ ಅವನ ಲೆಕ್ಕ ನಿಂತಿತು. ನಿಂತರೂ ತಮ್ಮನ ಮೇಲೆ ಹರಿಹಾಯಲಿಲ್ಲ. ಅವನು ಗಿರಿಯಿಂದ ತಂದ ನಿಜವಾದ ಪ್ರಸಾದ ಅದೇ.

ಈ ದೃಷ್ಟಾಂತದಿಂದ ಭಕ್ತರು ತಿಳಿಯಬೇಕಾದ ಸಂಗತಿಗಳು ಹೀಗಿವೆ.

ಮೊದಲನೆಯದು, ಬಿಟ್ಟು ಬರುವುದೂ ಒಂದು ಸೇವೆ. ಆಕಳು, ಎಮ್ಮೆ, ಕುರಿ, ಅಂಗಡಿ, ಹೊಲ, ಯಾವುದನ್ನೇ ಬಿಟ್ಟು ಬಂದಿರಲಿ, ಮೇವು ನೀರಿನ ಏರ್ಪಾಡು ಮಾಡಿ, ಒಪ್ಪಿಸಬೇಕಾದವರಿಗೆ ಒಪ್ಪಿಸಿ ಬರಬೇಕು. ಬಂದ ಮೇಲೆ ಸಾಲಿನಲ್ಲಿ ನಿಂತು ಗಳಿಗೆಗೊಮ್ಮೆ ಫೋನು ಮಾಡಿ ಅವರನ್ನು ಗದರಿಸಬಾರದು. ನಂಬಿ ಕೊಟ್ಟ ಮೇಲೆ ನಂಬಬೇಕು.

ಎರಡನೆಯದು, ನೆನಪು ಬಂದರೆ ಅದು ಪಾಪವಲ್ಲ. ಮನಸ್ಸು ಕೊಟ್ಟಿಗೆಯ ಕಡೆ ಹರಿದರೆ ಕೊಟ್ಟಿಗೆಯನ್ನೇ ಸ್ವಾಮಿಯ ಮುಂದೆ ತಂದಿಡಬೇಕು.

ಮೂರನೆಯದು, ಉಳಿದವರ ಪಾಲು. ಒಬ್ಬರು ಯಾತ್ರೆಗೆ ಬಂದರೆಂದರೆ ಇನ್ನೊಬ್ಬರು ಎಲ್ಲಿಯೋ ಅವರ ಕೆಲಸ ಹೊತ್ತಿದ್ದಾರೆ ಎಂದರ್ಥ. ಮನೆಯಲ್ಲಿ ಉಳಿದ ಅತ್ತೆ, ಹಾಲು ಕರೆಯುವ ಸೊಸೆ, ಹಟ್ಟಿ ಕಾಯುವ ತಮ್ಮ, ಕೂಲಿಯ ಹುಡುಗ. ಪ್ರಸಾದದ ಮೊದಲ ತುತ್ತು ಅವರದು. ಮುಂದಿನ ವರುಷದ ಪಾಳಿಯೂ ಅವರದೇ. 1932ರಲ್ಲಿ ಸಂಡೂರು ಸಂಸ್ಥಾನದವರು ಈ ಗುಡಿಯ ಬಾಗಿಲನ್ನು ಹರಿಜನ ಬಂಧುಗಳಿಗೆ ತೆರೆದರು; ಅದನ್ನು ಗಾಂಧೀಜಿಯವರು ಮೆಚ್ಚಿಕೊಂಡರು. ಅಂದು ಜಾತಿಯ ಅಗಳಿ ತೆಗೆಯಿತು. ಆದರೆ ಬಿಡುವಿಲ್ಲದ ದುಡಿಮೆಯೂ ಒಂದು ಅಗಳಿಯೇ. ಅದನ್ನು ಅರಸರು ತೆಗೆಯಲಾರರು. ಅಣ್ಣನಿಗೆ ತಮ್ಮ, ತಮ್ಮನಿಗೆ ಅಣ್ಣ, ಆಳಿಗೆ ಒಡೆಯ ತೆಗೆಯಬೇಕು.

ಕಡೆಯದು, ಮರಳುವ ದಾರಿಯಲ್ಲಿ ಕುರಿಯ ಹಿಂಡು ಅಡ್ಡ ಬಂದರೆ ಗಾಡಿ ನಿಲ್ಲಿಸಿರಿ. ಹಾರ್ನು ಬಾರಿಸಿ ಮರಿಗಳನ್ನು ಬೆದರಿಸಬೇಡಿರಿ. ತಿಂದ ಪ್ಲಾಸ್ಟಿಕ್ ಚೀಲವನ್ನು ಬೆಟ್ಟದಲ್ಲಿ ಎಸೆಯಬೇಡಿರಿ. ಅದು ಯಾವುದೋ ಬಡವನ ಕುರಿಯ ಹೊಟ್ಟೆ ಸೇರುತ್ತದೆ. ಹಿಂಡಿನ ಹಿಂದೆ ಕಂಬಳಿ ಹೊದ್ದು ಬರುವವನಿಗೆ ಒಂದು ಚಿಟಿಕೆ ಭಸ್ಮ, ಒಂದು ತುಂಡು ಕೊಬ್ಬರಿ ಕೊಟ್ಟು ಮುಂದೆ ಹೋಗಿರಿ. ಅವನಿಗೆ ಈ ವರುಷವೂ ಗಿರಿಗೆ ಬರಲು ಆಗಿರಲಿಕ್ಕಿಲ್ಲ. ಗೊಲ್ಲಾಳನಿಗೆ ಕೊಡುವುದನ್ನು ಮರೆತ ಯಾತ್ರಿಕರು ನೀವಾಗಬೇಡಿರಿ.

ಬಂದವರನ್ನೂ ಬರಲಾರದವರನ್ನೂ ಕ್ರೌಂಚಗಿರಿಯ ಶ್ರೀ ಕುಮಾರಸ್ವಾಮಿಯು ಸಮನಾಗಿ ಕಾಯಲಿ. ಎಲ್ಲರ ಹಟ್ಟಿ ತುಂಬಿರಲಿ. ಶುಭಂ ಭವತು.